ಪದಚರ್ಚೆ: ‘ಆರು’ – ಗಾಡಿ ಆರಿತು ಅಂದರೆ ಏನಾಯಿತು?

ಬಳಗದ ಎಲ್ಲರಿಗೂ ನಮಸ್ಕಾರ.

ನನ್ನ ಪ್ರಶ್ನೆ ‘ಆರು’ ಎಂಬ ಕ್ರಿಯಾಪದದ ಬಗ್ಗೆ. ಎಣಿಕೆಯ ಆರಲ್ಲ, ದೀಪ ಆರಿತು, ಕಾಫಿ ಆರಿತು, ಬಟ್ಟೆ ಆರಿತು ಅನ್ನುವಾಗಿನ ಆರು. ಈ ಮೂರರಲ್ಲಿ ಯಾವುದು ನಿಮ್ಮ ಕಿವಿಗೆ ಮೊದಲು ಬೀಳುತ್ತದೆ? ಎಂಜಿನ್ನಿನ ಮಾತು ಬಂದಾಗಲೂ ಅದೇ ಬೀಳುತ್ತದೆಯೇ? ಇದು ಗೊತ್ತಿಲ್ಲದೆ ನಾನು ಎರಡು ತಿಂಗಳು ಸುಮ್ಮಸುಮ್ಮನೆ ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಬಿಚ್ಚಿ ಕಟ್ಟಿದ್ದೇನೆ. ಕಥೆ ಹೇಳದಿದ್ದರೆ ಪ್ರಶ್ನೆ ಅರ್ಥವಾಗುವುದಿಲ್ಲ. ಸ್ವಲ್ಪ ಉದ್ದವಾದರೆ ಮನ್ನಿಸಿ.

ನನ್ನ ಹತ್ತಿರ ಒಂದು ಬಿಎಸ್‌ಎ ಎಂ20 ಮೋಟಾರ್ ಸೈಕಲ್ ಇದೆ, ಸೋದರಮಾವನಿಂದ ಬಂದದ್ದು. ಹುಟ್ಟಿದ್ದು ಬರ್ಮಿಂಗ್‌ಹ್ಯಾಮಿನ ಸ್ಮಾಲ್ ಹೀತ್ ಕಾರ್ಖಾನೆಯಲ್ಲಿ. ಬಿಎಸ್‌ಎ ಎಂದರೆ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್. ಮೂಲದಲ್ಲಿ ಬಂದೂಕು ಮಾಡುತ್ತಿದ್ದವರು. ಲಾಂಛನದಲ್ಲೂ ಮೂರು ಬಂದೂಕು ಒಂದಕ್ಕೊಂದು ಒರಗಿ ನಿಂತಿವೆ. 496 ಸಿಸಿಯ ಒಂಟಿ ಸಿಲಿಂಡರ್, ಸೈಡ್ ವಾಲ್ವ್, ಶಕ್ತಿ ಸುಮಾರು ಹದಿಮೂರು ಕುದುರೆಯದು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯಕ್ಕಾಗಿ ಇಂಥವು 1,26,000ದಷ್ಟು ತಯಾರಾದವು. ನನ್ನದರ ಹಿಂದಿನ ಚಕ್ರಕ್ಕೆ ಸ್ಪ್ರಿಂಗೇ ಇಲ್ಲ, ಸವಾರನ ಸೊಂಟಕ್ಕೆ ಸೀಟಿನ ಕೆಳಗಿನ ಎರಡು ಸ್ಪ್ರಿಂಗೇ ಗತಿ. ಆದರೆ ಹತ್ತಿ ಕೂತವನಿಗೆ ಆ ನಿಧಾನದ ಡುಬ್ ಡುಬ್ ಕೇಳುತ್ತಿದ್ದರೆ ಸೊಂಟದ ನೆನಪಿರುವುದಿಲ್ಲ.

ಈ ಗಾಡಿಗೆ ಒಂದು ಕಾಯಿಲೆ ಬಂತು. ಮೈಸೂರಿನಿಂದ ಶ್ರೀರಂಗಪಟ್ಟಣದ ಕಡೆ ಹೊರಟರೆ ಕಾವೇರಿ ಸೇತುವೆ ಸಿಗುವ ಮೊದಲೇ ನಿಂತುಬಿಡುತ್ತಿತ್ತು. ಎಷ್ಟು ಒದ್ದರೂ ಉಸಿರಿಲ್ಲ. ಹೊಂಗೆ ಮರದ ಕೆಳಗೆ ಅರ್ಧ ಗಂಟೆ ಕೂತು ಬಂದರೆ ಏನೂ ಆಗೇ ಇಲ್ಲವೆಂಬಂತೆ ಮತ್ತೆ ಶುರು. ಹಳೇ ಗಾಡಿ ಇಟ್ಟುಕೊಂಡವರ ನಮ್ಮದೊಂದು ಪುಟ್ಟ ಗುಂಪಿದೆ. ಅದರಲ್ಲಿ ಹೀಗೆ ಬರೆದೆ:

“ಹನ್ನೆರಡು ಕಿಲೋಮೀಟರ್ ಓಡಿದ ಮೇಲೆ ಗಾಡಿ ಆರಿಹೋಗುತ್ತೆ. ಆರಿದ ಮೇಲೆ ಒದ್ದರೆ ಒಂದೇ ಒದೆತಕ್ಕೆ ಹಿಡಿಯುತ್ತೆ. ಏನಿರಬಹುದು?”

ಎರಡು ಸಾಲಿನಲ್ಲಿ ಎಲ್ಲವನ್ನೂ ಹೇಳಿದೆ ಅಂದುಕೊಂಡಿದ್ದೆ.

ಮೊದಲು ಬಂದದ್ದು ಧಾರವಾಡದ ಗೆಳೆಯರ ಉತ್ತರ. “ಅಣ್ಣಾರ, ಎಂಜಿನ್ ಹಿಡೀತದಂದ್ರ ಪಿಸ್ಟನ್ ಹಿಡದದ ನೋಡ್ರಿ. ಇನ್ನ ಒದಿಬ್ಯಾಡ್ರಿ. ಮೊದಲ ಹೆಡ್ ಬಿಚ್ಚಸ್ರಿ.” ಶುರುವಾಗುತ್ತದೆ ಎಂಬ ಅರ್ಥದಲ್ಲಿ ನಾನು ‘ಹಿಡಿಯುತ್ತೆ’ ಅಂದದ್ದು, ಅವರಿಗೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಂತೆ ಕೇಳಿಸಿತ್ತು. ತಪ್ಪೇನಲ್ಲ. ಎಣ್ಣೆ ಕಡಿಮೆಯಾದರೆ ಬಿಸಿಗೆ ಹಿಗ್ಗಿದ ಪಿಸ್ಟನ್ ಹಿಡಿದು, ತಣ್ಣಗಾದಾಗ ಬಿಡುವುದೂ ಉಂಟು.

ಎರಡನೆಯದು ಕೋಲಾರದವರದು. “ಪ್ಲಗ್ಗು ಒದ್ದೆ ಆಗ್ತಿದೆ ಅಷ್ಟೆ. ಆರಿದ ಮೇಲೆ ಹಿಡಿಯುತ್ತೆ ಅಂತ ನೀವೇ ಬರೆದಿದ್ದೀರಲ್ಲ. ಫ್ಲೋಟಿನ ಸೂಜಿ ಸರಿಯಾಗಿ ಕೂರ್ತಿಲ್ಲ, ಪೆಟ್ರೋಲ್ ಉಕ್ಕುತ್ತಿದೆ.” ಫ್ಲೋಟ್ ಎಂದರೆ ಕಾರ್ಬುರೇಟರಿನ ಬಟ್ಟಲಲ್ಲಿ ತೇಲುವ ಬುರುಡೆ; ಬಟ್ಟಲು ತುಂಬಿದಾಗ ಅದರ ಸೂಜಿ ಪೆಟ್ರೋಲಿನ ದಾರಿ ಮುಚ್ಚಬೇಕು.

ಬೆಂಗಳೂರಿನ ಹಲಸೂರಿನ ಗೆಳೆಯ ಬರೆದದ್ದು ಒಂದೇ ಸಾಲು: “ತಣ್ಣಗಾಗೋವರೆಗೂ ಹಿಡಿಯಲ್ಲ ಅಂದ್ರೆ ಕಂಡೆನ್ಸರ್ ಸಾರ್, ನೋಡೋದೇ ಬೇಡ.” ಕಂಡೆನ್ಸರ್ ಎಂದರೆ ಕಿಡಿ ಹುಟ್ಟಿಸಲು ನೆರವಾಗುವ ಪುಟ್ಟ ಬಿಡಿಭಾಗ.

ಕೋಲಾರದವರು ಒಂದು ಭಾನುವಾರ ಖುದ್ದಾಗಿ ಬಂದು ಪಾನಾ ಹಿಡಿದು ಕೂತರು. ಬಂದವರ ಮಾತು ತೆಗೆದುಹಾಕಲು ಆಗುತ್ತದೆಯೇ? ಫ್ಲೋಟಿನ ಸೂಜಿ ಬದಲಾಯಿತು, ಜೆಟ್ ಊದಿಸಿದ್ದಾಯಿತು, ಶಿವಾಜಿನಗರದ ಗುಜರಿಯಿಂದ ಇನ್ನೊಂದು ಅಮಾಲ್ ಕಾರ್ಬುರೇಟರನ್ನೇ ತಂದು ಕೂರಿಸಿದ್ದೂ ಆಯಿತು. ಗಾಡಿ ಮಾತ್ರ ಅದೇ ಹೊಂಗೆ ಮರದ ಹತ್ತಿರ ನಿಲ್ಲುತ್ತಿತ್ತು. ಕಾಯಿಸಿದರೆ ಆರುತ್ತಿತ್ತು, ಆರಲೆಂದು ನಾನು ಕಾಯುತ್ತಿದ್ದೆ.

ಕೊನೆಗೆ ಸರಿಯಾದ ಪ್ರಶ್ನೆ ಬಂದದ್ದು ಬರ್ಮಿಂಗ್‌ಹ್ಯಾಮಿನಿಂದಲೇ. ಅಲ್ಲಿ ನೆಲೆಸಿರುವ ಸಾಗರದ ಕಡೆಯವರೊಬ್ಬರು ನಮ್ಮ ಗುಂಪಿನಲ್ಲಿದ್ದಾರೆ. ಮಾತು ಕಡಿಮೆ. ಅವರು ಕೇಳಿದರು: “ಆರಿತು ಅಂದಿರಲ್ಲ, ಎಣ್ಣೆ ತೀರಿ ಆರಿದ್ದೋ, ಗಾಳಿಗೆ ಆರಿದ್ದೋ?”

ನನಗೆ ತಕ್ಷಣ ಹೊಳೆಯಿತು. ಎಣ್ಣೆ ತೀರಿದ ದೀಪ ಕುಣಿಯುತ್ತದೆ, ಚಿಟಪಟ ಅನ್ನುತ್ತದೆ, ಒಮ್ಮೆ ಜೋರಾಗಿ ಉರಿದು ಕುಗ್ಗುತ್ತದೆ. ಗಾಳಿಗೆ ಸಿಕ್ಕಿದ ದೀಪಕ್ಕೆ ಇದಾವುದೂ ಇಲ್ಲ; ಇತ್ತು, ಈಗ ಇಲ್ಲ. ಪೆಟ್ರೋಲ್ ಸಾಲದೆ ನಿಲ್ಲುವ ಎಂಜಿನ್ ಮೊದಲನೆಯ ಥರದ್ದು: ಕೆಮ್ಮುತ್ತದೆ, ಮಿಸ್ಸಿಂಗ್ ಹೊಡೆಯುತ್ತದೆ, ಎಳೆಯಲಾರದೆ ನಿಲ್ಲುತ್ತದೆ. ಕಿಡಿ ತಪ್ಪಿದ ಎಂಜಿನ್ ಎರಡನೆಯ ಥರದ್ದು, ಸ್ವಿಚ್ ಒತ್ತಿದ ಹಾಗೆ. ನನ್ನದು ಗಾಳಿಯ ದೀಪ.

ಮುಂದಿನ ಸಲ ಗಾಡಿ ನಿಂತಾಗ ಅವರು ಹೇಳಿದ ಎರಡು ಪರೀಕ್ಷೆ ಮಾಡಿದೆ. ಮೊದಲು ಟ್ಯಾಂಕಿನ ಮುಚ್ಚಳ ತೆರೆದೆ. ಮುಚ್ಚಳದಲ್ಲೊಂದು ಗಾಳಿತೂತು ಇರುತ್ತದೆ. ಅದು ಮುಚ್ಚಿಕೊಂಡರೆ ಒಳಗೆ ಗಾಳಿ ಹೋಗದೆ ಪೆಟ್ರೋಲ್ ಇಳಿಯುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಇಳಿಯುತ್ತದೆ, ಹಾಗಾಗಿ ಇದೂ ‘ಅರ್ಧ ಗಂಟೆ ಕಾದರೆ ಸರಿಹೋಗುವ’ ಕಾಯಿಲೆಯೇ. ತೆರೆದಾಗ ಸುಸ್ಸೆಂಬ ಸದ್ದಿಲ್ಲ, ಒದ್ದರೂ ಪ್ರಯೋಜನವಿಲ್ಲ. ಆಮೇಲೆ ಪ್ಲಗ್ ಬಿಚ್ಚಿ, ಅದರ ತಂತಿ ಸಿಕ್ಕಿಸಿಯೇ ಸಿಲಿಂಡರ್ ಹೆಡ್ಡಿನ ಮೇಲೆ ಮಲಗಿಸಿ ಕಿಕ್ ಹೊಡೆದೆ. ಕಂಡೂ ಕಾಣದ ಹಳದಿ ಎಳೆಯೊಂದು ಎರಡು ಸಲ ಬಂತು, ಮೂರನೇ ಸಲ ಅದೂ ಇಲ್ಲ. ಪ್ಲಗ್ ಒಣಗಿಯೇ ಇತ್ತು. ಅರ್ಧ ಗಂಟೆ ಬಿಟ್ಟು ಹೊಡೆದರೆ ಚಟ್ ಅಂತ ನೀಲಿ ಕಿಡಿ.

ಹಲಸೂರಿನ ಗೆಳೆಯ ಹೇಳಿದ್ದೇ ಸರಿ. ಈ ಗಾಡಿಗಳಲ್ಲಿ ಕಿಡಿಗೆ ಬ್ಯಾಟರಿ ಬೇಡ. ಮ್ಯಾಗ್ನೆಟೋ ತನ್ನ ಕರೆಂಟನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಅದರ ದಾರಿಯನ್ನು ತೆರೆದು ಮುಚ್ಚುವ ಪಾಯಿಂಟು ತೆರೆಯುವಾಗ ಕರೆಂಟು ಥಟ್ಟನೆ ಕಡಿದರೆ ಮಾತ್ರ ಪ್ಲಗ್ಗಿನಲ್ಲಿ ಒಳ್ಳೇ ಕಿಡಿ. ಹಾಗೆ ಕಡಿಯಲು ನೆರವಾಗುವುದು ಕಂಡೆನ್ಸರ್. ವಯಸ್ಸಾದ ಕಂಡೆನ್ಸರ್ ತಣ್ಣಗಿದ್ದಾಗ ಹೇಗೋ ನಿಭಾಯಿಸುತ್ತದೆ, ಕಾದ ಕೂಡಲೇ ಸೋರಲು ಶುರುಮಾಡುತ್ತದೆ. ಬುಲೆಟ್ಟಿನದಾಗಿದ್ದರೆ ಪಾಯಿಂಟಿನ ಪಕ್ಕದಲ್ಲೇ ಹೊರಗೆ ಇರುತ್ತಿತ್ತು, ಹತ್ತು ನಿಮಿಷದ ಕೆಲಸ. ಮ್ಯಾಗ್ನೆಟೋ, ಡೈನಮೋ ಎರಡೂ ಒಂದಾಗಿರುವ ನನ್ನ ಗಾಡಿಯ ಲೂಕಾಸ್ ಮ್ಯಾಗ್‌ಡೈನೋದಲ್ಲಿ ಅದು ತಂತಿ ಸುತ್ತಿದ, ತಿರುಗುವ ಆರ್ಮೇಚರಿನ ಹೊಟ್ಟೆಯೊಳಗೆ ಕೂತಿದೆ. ಆರ್ಮೇಚರ್ ತೆಗೆದು, ಹೊಸದಾಗಿ ತಂತಿ ಸುತ್ತಿಸಿ, ಹೊಸ ಕಂಡೆನ್ಸರ್ ಹಾಕಿಸಿ ತರಲು ಮೂರು ವಾರವಾಯಿತು. ಪಾಯಿಂಟಿನ ಸಂದನ್ನು ಹನ್ನೆರಡು ಥೌಗೆ (ಒಂದು ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಭಾಗ) ಕೂರಿಸಿದೆವು. ಈಗ ಸೇತುವೆ ದಾಟುತ್ತದೆ.

ಈ ಮೂರು ವಾರ ನಮ್ಮ ಮೆಕ್ಯಾನಿಕ್ ಅಣ್ಣನನ್ನು ದಿನಾ ಪೀಡಿಸಿ ಅವರಿಂದ ಒಂದು ಗಾದೆ ಹೇಳಿಸಿಕೊಂಡೆ: “ಬೇಯೋ ತನಕ ಇದ್ದೋರು ಆರೋ ತನಕ ಇರಕ್ಕಾಗಲ್ವಾ ಸಾರ್?” ಅಲ್ಲೂ ಅದೇ ಪದ!

ಇನ್ನು ಪದದ ವಿಚಾರ. ಹಳಗನ್ನಡದಲ್ಲಿ ಇದು ಶಕಟರೇಫೆಯ, ಅಂದರೆ ಈಗ ಬಳಕೆ ತಪ್ಪಿದ ಇನ್ನೊಂದು ರಕಾರದ, ‘ಆಱು’. ಈಗ ಒಂದೇ ರಕಾರ ಉಳಿದಿರುವುದರಿಂದ ಅಕ್ಕಿ ಆರಿಸುವ ‘ಆರಿಸು’ ಕೂಡ ಇದರ ನೆಂಟನಂತೆ ಕಾಣುತ್ತದೆ. ಅದರ ಬೇರು ಬೇರೆ, ‘ಆಯ್’ಗೆ ಸೇರಿದ್ದು. ನಮ್ಮ ‘ಆರು’ವಿನಲ್ಲಿ ಬೆಂಕಿ ಹೋಗುವುದು, ಬಿಸಿ ಹೋಗುವುದು, ತೇವ ಹೋಗುವುದು ಮೂರೂ ಇವೆ. ಗಾಯ ಆರುವುದೂ ಇದೆ. ಇದ್ದ ಯಾವುದೋ ಒಂದು ಉಲ್ಬಣ ಇಳಿಯಿತು ಎನ್ನುವುದಷ್ಟೇ ಎಲ್ಲಕ್ಕೂ ಸಾಮಾನ್ಯ ಎಂದು ನನಗನ್ನಿಸುತ್ತದೆ.

ಅಕ್ಕಪಕ್ಕದವರು ಇದನ್ನು ಹಂಚಿಕೊಂಡ ರೀತಿ ನೋಡಿ. ತಮಿಳಿನಲ್ಲಿ ಕಾಫಿ ಆರುತ್ತದೆ, ಗಾಯ ಆರುತ್ತದೆ. ಬಟ್ಟೆ ಮಾತ್ರ ‘ಕಾಯು’ತ್ತದೆ. ನಮ್ಮಲ್ಲಿ ಕಾಯುವುದು ಎಂಜಿನ್ನು, ನೀರು ಮತ್ತು ಹೊಂಗೆ ಮರದ ಕೆಳಗಿನ ನಾನು. ತೆಲುಗಿನಲ್ಲಿ ಬಟ್ಟೆ ಆರುತ್ತದೆ, ದೀಪ ಆರುತ್ತದೆ. ಕಾಫಿ ತಣ್ಣಗಾಗಲು ‘ಚಲ್ಲಾರು’ ಎಂದು ತಂಪನ್ನು ಮುಂದೆ ಸೇರಿಸಿಕೊಳ್ಳಬೇಕು. ಕೋಲಾರದವರ ಮನೆಮಾತು ತೆಲುಗು, ಹಲಸೂರಿನವರದು ತಮಿಳು. ಇಬ್ಬರೂ ನನ್ನ ಕನ್ನಡವನ್ನು ತಪ್ಪಿಲ್ಲದೆ ಓದಿದ್ದರು. ಒಬ್ಬರಿಗೆ ‘ಆರಿದ ಮೇಲೆ’ ಎಂದರೆ ಒದ್ದೆ ಹೋದ ಮೇಲೆ, ಇನ್ನೊಬ್ಬರಿಗೆ ಬಿಸಿ ಹೋದ ಮೇಲೆ. ಒದ್ದೆ ಎಂದವರು ಕಾರ್ಬುರೇಟರಿಗೆ ಕೈಹಾಕಿದರು, ಬಿಸಿ ಎಂದವರು ಕಂಡೆನ್ಸರಿಗೆ. ಮನೆಮಾತು ನೋಡಿ ಮೆಕ್ಯಾನಿಕ್ಕನ್ನು ಆರಿಸಬೇಕು ಎಂದು ನಾನು ಹೇಳುತ್ತಿಲ್ಲ, ಆದರೆ ಈ ಸಲ ಆದದ್ದು ಹಾಗೇ.

ಕನ್ನಡದಲ್ಲಿ ಇದನ್ನು ಬಿಡಿಸಿ ಹೇಳಲು ಆಗುವುದಿಲ್ಲವೇ ಎಂದು ಯೋಚಿಸುವಾಗ ಸಿಕ್ಕಿದ್ದು ಸಮಾಸಗಳು. ‘ಬಾಯಾರಿಕೆ’ಯಲ್ಲಿ ಬಾಯಿ ಒಣಗುತ್ತದೆ. ‘ದಣಿವಾರಿಸಿಕೊಳ್ಳು’ವುದರಲ್ಲಿ ದಣಿವು ತಣಿಯುತ್ತದೆ. ಪೆಟ್ರೋಲ್ ಇಳಿಯದೆ ಫ್ಲೋಟಿನ ಬಟ್ಟಲು ಬರಿದಾಗಿ ನಿಂತ ಗಾಡಿಗೆ ‘ಬಾಯಾರಿ ನಿಂತಿತು’ ಎನ್ನಬಹುದಲ್ಲ? ಕಾದು ಕಿಡಿ ತಪ್ಪಿ ನಿಂತದ್ದಕ್ಕೆ ‘ದಣಿವಾರಿಸಿಕೊಂಡ ಮೇಲೆ ಹೊರಡುತ್ತದೆ’ ಎಂದು? ನಾನು ಮೊದಲೇ ಹಾಗೆ ಬರೆದಿದ್ದರೆ ಕೋಲಾರದವರು ಒಂದು ಭಾನುವಾರ ಮನೆಯಲ್ಲೇ ಇರುತ್ತಿದ್ದರು. ಆದರೆ ರಿಪೇರಿಯ ಟಿಪ್ಪಣಿಯಲ್ಲಿ ಇದು ಅತಿಯಾಯಿತೇನೋ ಎಂಬ ಅಳುಕಿದೆ. ಹಳೇ ಗಾಡಿಯವರಿಗಾಗಿ ಕನ್ನಡದಲ್ಲಿ ಅಂಥ ಟಿಪ್ಪಣಿಯೊಂದನ್ನು ಬರೆಯುತ್ತಿದ್ದೇನೆ, ಅದಕ್ಕೇ ಈ ಪರದಾಟ.

‘ನಂದು’ ಬಳಸಿ ಎಂದು ಒಬ್ಬರು ಹೇಳಿದರು. ನನ್ನ ಕಿವಿಗೆ ‘ನಂದಿತು’ ಮೆಲ್ಲಗಿನದು, ಎಣ್ಣೆ ತೀರಿದ್ದು. ‘ಆರಿತು’ ಎರಡೂ ಆಗಬಹುದು. ಇದು ನನ್ನೊಬ್ಬನ ಕಿವಿಯೋ, ಮೈಸೂರು ಕಡೆಯವರೆಲ್ಲರ ಕಿವಿಯೋ? ಮೆಕ್ಯಾನಿಕ್ ಅಣ್ಣ ಥಟ್ಟನೆ ನಿಂತದ್ದಕ್ಕೆ ‘ಕಟ್ಟಾಯ್ತು’ ಅನ್ನುತ್ತಾರೆ, ಕೆಮ್ಮಿ ನಿಂತದ್ದಕ್ಕೆ ‘ಕೂತ್ಕೊಂತು’ ಅನ್ನುತ್ತಾರೆ. ಎರಡೂ ಚೆನ್ನಾಗಿವೆ. ನಮ್ಮಜ್ಜಿಯಂತೂ ಯಾವುದನ್ನೂ ಒಪ್ಪುತ್ತಿರಲಿಲ್ಲ. ದೀಪ ಆರಿಸು ಎಂದರೆ ಅಪಶಕುನ, ‘ದೀಪ ದೊಡ್ಡದು ಮಾಡು’ ಎನ್ನಬೇಕು. ಆ ಲೆಕ್ಕದಲ್ಲಿ ನನ್ನ ಗಾಡಿ ಎರಡು ತಿಂಗಳು ದೊಡ್ಡದಾಗುತ್ತಲೇ ಇತ್ತು.

‘ಹಿಡಿ’ ಇನ್ನೂ ಅಪಾಯದ ಪದ. ಒಂದೇ ಮಾತು ಶುರುವಾಗುವುದಕ್ಕೂ ಶಾಶ್ವತವಾಗಿ ನಿಲ್ಲುವುದಕ್ಕೂ. ನಮ್ಮ ಕಡೆ ‘ಹಿಡೀತು’ ಎಂದರೆ ಸ್ಟಾರ್ಟ್ ಆಯಿತು, ‘ಹಿಡ್ಕೊಂತು’ ಎಂದರೆ ಜಾಮ್ ಆಯಿತು. ‘ಕೊಳ್ಳು’ ಬಂದರೆ ಕೆಲಸ ಕೆಟ್ಟಿತು ಅಂತಲೇ. ಆದರೆ ‘ಒಲೆ ಹತ್ತಿಕೊಂಡಿತು’ ಎನ್ನುವಲ್ಲಿ ಅದೇ ‘ಕೊಳ್ಳು’ ಶುಭಸೂಚಕ! ಧಾರವಾಡದಲ್ಲಿ ‘ಕೊಳ್ಳು’ ಇಲ್ಲದ ‘ಹಿಡೀತು’ ಕೂಡ ಜಾಮ್ ಆಗುವುದಕ್ಕೆ ನಡೆಯುತ್ತದೆಯೇ, ಅಥವಾ ನಮ್ಮ ಗೆಳೆಯರು ಗಾಬರಿಯಲ್ಲಿ ಹಾಗೆ ಓದಿಕೊಂಡರೇ? ಆ ಕಡೆಯವರು ದಯವಿಟ್ಟು ಹೇಳಿ.

ಜೊತೆಗೆ ಒಂದು ಸಣ್ಣದು. ಅಮಾಲ್ ಕಾರ್ಬುರೇಟರಿನ ಫ್ಲೋಟ್ ಬಟ್ಟಲ ಮೇಲೆ ಪುಟ್ಟದೊಂದು ಗುಂಡಿ ಇರುತ್ತದೆ, ಟಿಕ್ಲರ್. ತಣ್ಣಗಿನ ಎಂಜಿನ್ ಶುರುಮಾಡುವ ಮೊದಲು ಅದನ್ನು ಒತ್ತಿ ಫ್ಲೋಟನ್ನು ಕೆಳಗಿಳಿಸಿ ಪೆಟ್ರೋಲ್ ತುಂಬಿಸಬೇಕು. ಇಂಗ್ಲಿಷಿನವರು ಕಚಗುಳಿ ಇಟ್ಟಿದ್ದಾರೆ. ನಮ್ಮ ಮೆಕ್ಯಾನಿಕ್ ಅಣ್ಣ ‘ಒಂಚೂರು ಉಕ್ಸಿ ಸಾರ್’ ಅನ್ನುತ್ತಾರೆ. ನಾನು ‘ಉಕ್ಕಿಸು’ವಿಗೆ ಮತ ಹಾಕಿದ್ದೇನೆ, ಒಲೆಯ ಮೇಲಿನ ಹಾಲು ಕಣ್ಣಿಗೆ ಬರುವುದರಿಂದ ಎಷ್ಟು ಹೊತ್ತಿಗೆ ಕೈ ತೆಗೆಯಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ. ಬೇರೆ ಮಾತು ಕೇಳಿದ್ದರೆ ತಿಳಿಸಿ.

ಉತ್ತರಿಸುವವರು ತಮ್ಮ ಊರು, ಮನೆಮಾತು ಎರಡನ್ನೂ ಬರೆದರೆ ಉಪಕಾರ. ಗಾಡಿ ಇಲ್ಲದವರೂ ಹೇಳಬಹುದು: “ಆರಿದ ಮೇಲೆ ಎತ್ತಿಡು” ಎಂದು ಅಡುಗೆಮನೆಯಿಂದ ಕೂಗು ಬಂದರೆ ನಿಮ್ಮ ಕಣ್ಣು ಮೊದಲು ಹೋಗುವುದು ಹಾಲಿನ ಪಾತ್ರೆಗೋ, ಹಗ್ಗದ ಮೇಲಿನ ಬಟ್ಟೆಗೋ?