ಪಿತ್ತನಾಳದ ಬಾಯಾಗ ಗಡ್ಡಿ: ಹೊಟ್ಟಿ ಕೊಯ್ಯದನ ತೆಗೀಬಹುದೇನ್ರಿ?

ಪ್ರಶ್ನೆ (ನರಗುಂದ ಕಡೆಯ ಸದಸ್ಯರು):
ಡಾಕ್ಟರ್ ಸಾಹೇಬ್ರ, ನಮಸ್ಕಾರ್ರಿ. ನಮ್ಮವ್ವಗ 58 ವರ್ಷ. ಎರಡು ತಿಂಗಳ ಹಿಂದ ಕಣ್ಣು ಹಳದಿ ಆದ್ವು, ಮೈಯೆಲ್ಲಾ ತುರಿಕಿ. ಊರಾಗ ಕಾಮಣಿ ಅಂದ್ರು. ಮೂರು ದಿನ ಸೊಪ್ಪಿನ ರಸಾ ಕುಡಿಸಿದ್ವಿ, ಮುಂಗೈಗೆ ಬರೆನೂ ಹಾಕಿಸಿದ್ವಿ. ಸ್ವಲ್ಪ ಇಳೀತು, ಮತ್ತ ಬಂತು. ಹುಬ್ಬಳ್ಳ್ಯಾಗ ಎಂಡೋಸ್ಕೋಪಿ ಮಾಡಿ, ಪಿತ್ತನಾಳ ಕರುಳಿಗೆ ಕೂಡೋ ಬಾಯಾಗ ಒಂದೂವರೆ ಸೆಂಟಿಮೀಟರ್ ಗಡ್ಡಿ ಐತಿ ಅಂದ್ರು. ಬಯಾಪ್ಸಿ ‘ಅಡಿನೋಮಾ, ಕ್ಯಾನ್ಸರ್ ಇಲ್ಲ’ ಅಂತ ಬಂದೈತಿ. ಎಂಡೋಸ್ಕೋಪಿಯಿಂದನ ತೆಗೀಬಹುದು ಅಂತಾರ. ನಮ್ಮ ಕಾಕಾ ‘ಕ್ಯಾನ್ಸರ್ ಇಲ್ಲಂದ ಮ್ಯಾಲ ಯಾಕ ಮುಟ್ಟಬೇಕು’ ಅಂತಾರ. ಅಣ್ಣ ‘ಆಪರೇಷನ್ ಮಾಡ್ಸಿ ಬುಡಸಮೇತ ತೆಗಸೂಣು’ ಅಂತಾನ. ಏನ್ ಮಾಡೂದ್ರಿ?

ಉತ್ತರ (ಜಠರ ಮತ್ತು ಯಕೃತ್ ತಜ್ಞರು, ಹುಬ್ಬಳ್ಳಿ):
ಮೊದಲು ಆ ಸೊಪ್ಪಿನ ರಸದ ಮಾತು. ವೈರಸ್‌ನಿಂದ ಬರುವ ಕಾಮಣಿ ಹೆಚ್ಚಿನ ಮಂದಿಗೆ ತಾನಾಗಿಯೇ ಇಳಿಯುತ್ತದೆ, ಹೆಸರು ಸೊಪ್ಪಿಗೆ ಬರುತ್ತದೆ. ನಿಮ್ಮ ಅವ್ವಾರದು ಆ ಕಾಮಣಿ ಅಲ್ಲ, ಇದು ದಾರಿ ಕಟ್ಟಿದ ಕಾಮಣಿ. ಮಲಪ್ರಭಾ ಕಾಲುವೆಯ ತೂಬಿಗೆ ಕಸ ಸಿಕ್ಕರೆ ನೀರು ಒಮ್ಮೆ ನಿಂತು ಒಮ್ಮೆ ಹರಿಯುವುದನ್ನು ನೀವು ನೋಡೇ ಇರುತ್ತೀರಿ. ಈ ಜಾಗದ ಗಡ್ಡೆಯೂ ಹಾಗೇ, ಅದಕ್ಕೇ ಹಳದಿ ಇಳಿದು ಮತ್ತೆ ಏರಿತು. ಮೈ ತುರಿಕೆ, ಚಹಾ ಬಣ್ಣದ ಮೂತ್ರ, ಸುಣ್ಣ ಕಲಸಿದಂಥ ಬಿಳಿ ಮಲ, ಇವು ಮೂರೂ ಕೂಡಿ ಬಂದರೆ ದಯವಿಟ್ಟು ಯಾರೂ ಬರೆ ಹಾಕಿಸುತ್ತ ದಿನ ಕಳೆಯಬೇಡಿ.

ಕಾಕಾ ಅವರಿಗೆ ಹೀಗೆ ಹೇಳಿ. ಅಡಿನೋಮಾ ಇವತ್ತು ಕ್ಯಾನ್ಸರ್ ಅಲ್ಲ, ಆದರೆ ಬಿಟ್ಟರೆ ಆಗುವ ಜಾತಿಯದು. ಇನ್ನೊಂದು, ಬಯಾಪ್ಸಿಗೆ ಹೋದದ್ದು ಅಕ್ಕಿಕಾಳಿನಷ್ಟು ಚೂರು, ಅದೂ ಮೇಲ್ಮೈಯದು. ಬುಡದಲ್ಲಿ ಕ್ಯಾನ್ಸರ್ ಅಡಗಿದ್ದರೆ ಆ ಚೂರಿನಲ್ಲಿ ಕಾಣದೆ ಹೋಗಬಹುದು. ಗಡ್ಡೆ ಇಡಿಯಾಗಿ ಹೊರಬಂದು, ಅಂಚು ಬುಡ ಎಲ್ಲ ಸೂಕ್ಷ್ಮದರ್ಶಕದಡಿ ನೋಡಿದ ಮೇಲೆ ಬರುವ ರಿಪೋರ್ಟೇ ಖರೆ ರಿಪೋರ್ಟು. ಅಲ್ಲಿಯವರೆಗೆ ‘ಏನೂ ಇಲ್ಲ’ ಅಂತ ಕುಳಿತುಕೊಳ್ಳುವಂತಿಲ್ಲ.

ಅಣ್ಣನ ಕಾಳಜಿಯೂ ತಪ್ಪಲ್ಲ. ಆದರೆ ಅವರು ಹೇಳುವ ಆಪರೇಷನ್ನಿಗೆ ‘ವಿಪ್ಪಲ್’ ಶಸ್ತ್ರಚಿಕಿತ್ಸೆ ಅನ್ನುತ್ತಾರೆ, ಅದರಲ್ಲಿ ಮೇದೋಜೀರಕ ಗ್ರಂಥಿಯ ತಲೆ, ಸಣ್ಣ ಕರುಳಿನ ಮೊದಲ ಭಾಗ, ಪಿತ್ತಕೋಶ, ಪಿತ್ತನಾಳದ ಕೆಳತುದಿ ಎಲ್ಲವನ್ನೂ ತೆಗೆದು ಮತ್ತೆ ಜೋಡಿಸಬೇಕು. ಕ್ಯಾನ್ಸರ್ ಆಗಿದ್ದರೆ ಅದೇ ಬೇಕು. ಆಗಿರದಿದ್ದರೆ ಎಂಡೋಸ್ಕೋಪಿಯೇ ಮೊದಲ ದಾರಿ.

ನಿರ್ಧಾರ ನಿಂತಿರುವುದು ಒಂದು ಪ್ರಶ್ನೆಯ ಮೇಲೆ: ಗಡ್ಡೆ ನಾಳದ ಒಳಗೆ ಎಷ್ಟು ದೂರ ನುಗ್ಗಿದೆ? ಇದಕ್ಕೆ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ (ಕೊಳವೆಯ ತುದಿಯಿಂದ, ಒಳಗಿನಿಂದಲೇ ಮಾಡುವ ಸ್ಕ್ಯಾನ್) ಮತ್ತು ಎಂಆರ್‌ಸಿಪಿ (ಪಿತ್ತನಾಳ, ಮೇದೋಜೀರಕದ ನಾಳ ತೋರಿಸುವ ಎಂಆರ್‌ಐ ಸ್ಕ್ಯಾನ್) ಬೇಕು. ಒಳಗೆ 2 ಸೆಂಟಿಮೀಟರ್‌ಗಿಂತ ಹೆಚ್ಚು ಹೋಗಿದ್ದರೆ ಎಂಡೋಸ್ಕೋಪಿಯಲ್ಲಿ ಗಡ್ಡೆ ಕತ್ತರಿಸುವ ತಂತಿಯ ಕುಣಿಕೆಗೆ ಅದು ಪೂರ್ತಿ ಸಿಗುವುದಿಲ್ಲ, ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಈ ಪರೀಕ್ಷೆ ಆಗದೆ ತೆಗೆಯುವ ದಿನ ಗೊತ್ತು ಮಾಡಬೇಡಿ.

ಪ್ರಶ್ನೆ (ಅದೇ ಸದಸ್ಯರು):
ತೆಗಿಯೂದು ಹೆಂಗ್ರಿ? ತ್ರಾಸ ಭಾಳ ಆಕ್ಕೈತೇನು?

ಉತ್ತರ:
ಬದಿಗೆ ನೋಡುವ ಕ್ಯಾಮೆರಾ ಇರುವ ಕೊಳವೆ ಬಾಯಿಂದ ಸಣ್ಣ ಕರುಳಿಗೆ ಇಳಿಯುತ್ತದೆ. ಗಡ್ಡೆಯ ಬುಡಕ್ಕೆ ತಂತಿಯ ಕುಣಿಕೆ ಬಿಗಿದು, ವಿದ್ಯುತ್ ಹರಿಸಿ, ಸಾಧ್ಯವಾದರೆ ಒಂದೇ ತುಂಡಾಗಿ ಕತ್ತರಿಸುತ್ತೇವೆ. ಕತ್ತರಿಸಿದ ಕೂಡಲೇ ಹಿಡಿಯಬೇಕು, ಇಲ್ಲದಿದ್ದರೆ ಕರುಳು ಅದನ್ನು ಕೆಳಗೆ ಒಯ್ದುಬಿಡುತ್ತದೆ, ರಿಪೋರ್ಟೂ ಅದರ ಜೊತೆ ಹೋದಂತೆ. ಅವ್ವಾರು ಅರಿವಳಿಕೆಯಲ್ಲಿರುತ್ತಾರೆ, ನೋವು ತಿಳಿಯುವುದಿಲ್ಲ.

ಅಪಾಯ ಮುಚ್ಚಿಡುವುದಿಲ್ಲ. ಮೇದೋಜೀರಕದ ನಾಳವೂ ಅದೇ ಬಾಯಲ್ಲೇ ತೆರೆಯುವುದರಿಂದ ಆ ಗ್ರಂಥಿಗೆ ಬಾವು ಬರಬಹುದು, ನೂರರಲ್ಲಿ ಸುಮಾರು ಹತ್ತು ಮಂದಿಗೆ ಬರುತ್ತದೆ. ಇದನ್ನು ತಡೆಯಲು ಆ ನಾಳಕ್ಕೆ ಸಣ್ಣ ಪ್ಲಾಸ್ಟಿಕ್ ಸ್ಟೆಂಟ್ (ದಾರಿ ತೆರೆದಿಡುವ ಕೊಳವೆ) ಇಡುತ್ತೇವೆ, ಗುದದ್ವಾರದಲ್ಲಿ ಡೈಕ್ಲೋಫಿನಾಕ್ ಇಲ್ಲವೇ ಇಂಡೊಮೆಥಾಸಿನ್ ಗುಳಿಗೆಯನ್ನೂ ಇಡುತ್ತೇವೆ. ರಕ್ತಸ್ರಾವ ಆಗಬಹುದು, ಅಪರೂಪಕ್ಕೆ ಕರುಳಿಗೆ ತೂತು ಬೀಳಬಹುದು. ರಕ್ತ ತೆಳ್ಳಗೆ ಮಾಡುವ ಗುಳಿಗೆ ತೊಗೊಳ್ಳುತ್ತಿದ್ದರೆ ಮೊದಲೇ ಹೇಳಿ. ಮನೆಗೆ ಬಂದ ಮೇಲೆ ಬೆನ್ನಿಗೆ ಹಾಯುವ ಹೊಟ್ಟೆನೋವು, ಡಾಂಬರಿನಂಥ ಕಪ್ಪು ಮಲ, ನಡುಕದ ಜ್ವರ, ಇವುಗಳಲ್ಲಿ ಒಂದು ಕಂಡರೂ ರಾತ್ರಿಯಾದರೂ ಆಸ್ಪತ್ರೆಗೆ ಬನ್ನಿ.

ಇನ್ನು ಸ್ಟೆಂಟ್. ಮೇದೋಜೀರಕದ್ದು ಕೆಲವು ವಾರದೊಳಗೆ ಹೊರಬರಬೇಕು, ಪಿತ್ತನಾಳಕ್ಕೆ ಪ್ಲಾಸ್ಟಿಕ್‌ದು ಇಟ್ಟಿದ್ದರೆ 3 ತಿಂಗಳು ದಾಟಬಾರದು. ಬಿತ್ತಿಗೆ ಮುಗೀಲಿ, ಸುಗ್ಗಿ ಆಗಲಿ ಅಂತ ಮುಂದೂಡಿ, ಕಟ್ಟಿಕೊಂಡ ಸ್ಟೆಂಟಿನಿಂದ ರಕ್ತಕ್ಕೆ ನಂಜೇರಿದ ಮೇಲೆ ಬಂದವರನ್ನು ನಾನು ನೋಡಿದ್ದೇನೆ. ತಾರೀಖನ್ನು ಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ಗಡ್ಡೆ ಮತ್ತೆ ಚಿಗುರುವುದೂ ಉಂಟು. ಅದಕ್ಕೆ 3, 6, 12 ತಿಂಗಳಿಗೆ, ಮುಂದೆ ವರ್ಷಕ್ಕೊಮ್ಮೆ ಕನಿಷ್ಠ 5 ವರ್ಷ ನೋಡಿಸಬೇಕು.

ಪ್ರಶ್ನೆ (ಹಾವೇರಿಯ ಸದಸ್ಯರು):
ನಮ್ಮ ಅಪ್ಪಾರಿಗೆ ಗಡ್ಡೆ ನಾಳದ ಒಳಗೇ, ಮೇಲೆ ಇದೆಯಂತೆ. ಅವರಿಗೂ ಹೀಗೇ ತೆಗೆಯಬಹುದಾ ಸರ್? ಬಿಪಿಎಲ್ ಕಾರ್ಡ್ ಇದೆ.

ಉತ್ತರ:
ಇಲ್ಲ, ಅದು ಬೇರೆಯೇ. ಕುಣಿಕೆ ಅಷ್ಟು ಒಳಗೆ ಹೋಗಿ ಬಿಗಿಯಲಾರದು. ಕೊಲಾಂಜಿಯೋಸ್ಕೋಪ್ ಅನ್ನುವ ಸಣ್ಣ ಕ್ಯಾಮೆರಾವನ್ನು ನಾಳದೊಳಗೆ ಕಳಿಸಿ ಕಣ್ಣಾರೆ ನೋಡಿ ಚೂರು ತೆಗೆಯಬಹುದು. ಗುಣವಾಗಬೇಕಾದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ. ಅದಕ್ಕೆ ದೇಹ ತಾಳದಿದ್ದರೆ ಸ್ಟೆಂಟ್ ಇಟ್ಟು ಅಥವಾ ಒಳಗಿನಿಂದ ಬಿಸಿ ಕೊಟ್ಟು ಸುಟ್ಟು ದಾರಿ ತೆರೆದಿಡಬಹುದು, ತುರಿಕೆ ಇಳಿಯುತ್ತದೆ, ಊಟ ಸೇರುತ್ತದೆ. ಸರ್ಜನ್ ಅಭಿಪ್ರಾಯ ಕೇಳದೆ ಬರೀ ಸ್ಟೆಂಟಿಗೆ ಒಪ್ಪಬೇಡಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವಿದೆ. ದಾಖಲಾಗುವ ಮೊದಲೇ ಆಸ್ಪತ್ರೆಯಲ್ಲಿ ಈ ಯೋಜನೆಯ ನೆರವಿಗೆ ಇರುವ ಆರೋಗ್ಯಮಿತ್ರರನ್ನು ಕಂಡು ಮಾತಾಡಿ.

ನರಗುಂದದವರಿಗೆ ಒಂದು ಕೇಳುವುದು ಉಳಿದಿತ್ತು. ಅವ್ವಾರ ತವರಿನ ಕಡೆ ಯಾರಿಗಾದರೂ ದೊಡ್ಡ ಕರುಳಿನಲ್ಲಿ ಗಡ್ಡೆ ಆಗಿತ್ತಾ?

ಪ್ರಶ್ನೆ (ನರಗುಂದ ಕಡೆಯ ಸದಸ್ಯರು):
ಹೌದ್ರಿ. ನಮ್ಮ ಸೋದರಮಾವ ನಲವತ್ತು ತುಂಬೂದರಾಗ ಕರುಳಿನ ಕ್ಯಾನ್ಸರ್‌ನಿಂದ ತೀರಿಕೊಂಡ್ರು. ಅದಕ್ಕೂ ಇದಕ್ಕೂ ಸಂಬಂಧ ಐತೇನ್ರಿ?

ಉತ್ತರ:
ಇರಬಹುದು. ದೊಡ್ಡ ಕರುಳಿನ ತುಂಬ ಪಾಲಿಪ್ (ಒಳಪದರದ ಸಣ್ಣ ಗಡ್ಡೆ) ಬೆಳೆಯುವ ಒಂದು ವಂಶಪಾರಂಪರ್ಯ ಕಾಯಿಲೆಯಲ್ಲಿ ಈ ಜಾಗದಲ್ಲೂ ಅಡಿನೋಮಾ ಬರುತ್ತದೆ. ಮಾವನ ಸಂಗತಿಯನ್ನು ನಾಳೆಯೇ ನಿಮ್ಮ ಡಾಕ್ಟರಿಗೆ ಹೇಳಿ, ಅವ್ವಾರಿಗೆ ಕೊಲೊನೋಸ್ಕೋಪಿ (ದೊಡ್ಡ ಕರುಳನ್ನು ಕ್ಯಾಮೆರಾದಿಂದ ನೋಡುವ ಪರೀಕ್ಷೆ) ಮಾಡಿಸಿ. ಅದರಲ್ಲಿ ಪಾಲಿಪ್‌ಗಳು ಸಿಕ್ಕರೆ ನೀವೂ ನಿಮ್ಮ ಅಣ್ಣನೂ ಪರೀಕ್ಷೆಗೆ ಬರಬೇಕಾಗುತ್ತದೆ, ಮೈಯಲ್ಲಿ ಏನೂ ತ್ರಾಸ ಇಲ್ಲದಿದ್ದರೂ.