ಮಕ್ಕಳ ಆನ್‌ಲೈನ್ ಶೋಷಣೆ: ಸಂಸ್ಥೆಯ ಕೆಲಸ ಎಲ್ಲಿಯವರೆಗೆ, ಪೊಲೀಸರ ಕೆಲಸ ಎಲ್ಲಿಂದ?

ಪ್ರಶ್ನೆ: ಸ್ವಯಂಸೇವಕಿ

ಮಕ್ಕಳಿಗೂ ಹೆತ್ತವರಿಗೂ ಅಂತರ್ಜಾಲದ ಅಪಾಯಗಳ ಬಗ್ಗೆ ತಿಳಿವಳಿಕೆ ನೀಡುವ ಸಣ್ಣ ಸಂಸ್ಥೆಯೊಂದರಲ್ಲಿ ನಾನು ಸ್ವಯಂಸೇವಕಿಯಾಗಿದ್ದೇನೆ. ತಿಳಿವಳಿಕೆ ನೀಡಲು ಹೋದವರ ಬಳಿಗೆ ದೂರುಗಳೂ ಬರುವುದು ಸಹಜ. ಅಪರಿಚಿತನೊಬ್ಬ ಆಟದ ಆಪ್‌ನಲ್ಲಿ ಗೆಳೆತನ ಬೆಳೆಸಿ ಫೋಟೊ ಕೇಳುತ್ತಿದ್ದಾನೆಂದೋ, ಹಿಂದೆ ಕಳುಹಿಸಿದ ಫೋಟೊವನ್ನು ಮುಂದಿಟ್ಟುಕೊಂಡು ಹಣಕ್ಕಾಗಿ ಬೆದರಿಸುತ್ತಿದ್ದಾನೆಂದೋ ಮಕ್ಕಳು ನಮ್ಮಲ್ಲಿ ಹೇಳಿಕೊಳ್ಳುವುದು ಹೆಚ್ಚುತ್ತಿರುವುದರಿಂದ, ಪೊಲೀಸರೊಡನೆ ಲಿಖಿತ ಒಡಂಬಡಿಕೆ ಮಾಡಿಕೊಳ್ಳುವ ಪ್ರಸ್ತಾವವೊಂದು ನಮ್ಮ ಸಮಿತಿಯ ಮುಂದಿದೆ.

ಸಮಿತಿಯಲ್ಲಿ ಒಮ್ಮತವಿಲ್ಲ. ಪೊಲೀಸರ ಹೆಸರಿನೊಂದಿಗೆ ನಮ್ಮ ಹೆಸರು ಸೇರಿಕೊಂಡರೆ ಯಾವ ಮಗುವೂ ನಮ್ಮೆದುರು ಬಾಯಿ ಬಿಡುವುದಿಲ್ಲವೆಂದು ಕೆಲವರು ವಾದಿಸುತ್ತಾರೆ. ಪೊಲೀಸರಿಗೆ ತಲುಪಿಸದ ಮಾಹಿತಿಯನ್ನು ಇಟ್ಟುಕೊಂಡು ನಾವು ಮಾಡುವುದಾದರೂ ಏನೆಂದು ಉಳಿದವರು ಕೇಳುತ್ತಾರೆ. ಉತ್ಸಾಹಿ ಸದಸ್ಯರೊಬ್ಬರಂತೂ ನಾವೇ ಮಗುವಿನ ಹೆಸರಿನಲ್ಲಿ ನಕಲಿ ಖಾತೆ ತೆರೆದು ಇಂಥವರನ್ನು ಹಿಡಿದುಕೊಡೋಣ ಎನ್ನುತ್ತಿದ್ದಾರೆ. ಇಂತಹ ಸಹಕಾರ ಜಗತ್ತಿನ ಬೇರೆ ಕಡೆಗಳಲ್ಲಿ ಹೇಗೆ ನಡೆಯುತ್ತಿದೆ, ಒಡಂಬಡಿಕೆಯಲ್ಲಿ ಏನಿರಬೇಕು ಮತ್ತು ಏನಿರಬಾರದು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಹಾಟ್‌ಲೈನ್ ಕೆಲಸ ಬಲ್ಲವರು

ಪೊಲೀಸರಲ್ಲದವರು ಈ ಕ್ಷೇತ್ರದಲ್ಲಿ ಕೆಲಸ ಮಾಡುವುದು ಹೊಸದೇನಲ್ಲ. ಬ್ರಿಟನ್ನಿನ ಇಂಟರ್ನೆಟ್ ವಾಚ್ ಫೌಂಡೇಶನ್ 1996ರಲ್ಲಿ ಆರಂಭವಾದ ದತ್ತಿ ಸಂಸ್ಥೆ. ಅಮೆರಿಕದಲ್ಲಿ ಕಾಣೆಯಾದ ಮತ್ತು ಶೋಷಣೆಗೊಳಗಾದ ಮಕ್ಕಳಿಗಾಗಿ 1984ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕೇಂದ್ರವೂ (ಎನ್‌ಸಿಎಂಇಸಿ) ಸರ್ಕಾರಿ ಇಲಾಖೆಯಲ್ಲ, ಲಾಭರಹಿತ ಸಂಸ್ಥೆ. ಅದು 1998ರಿಂದ ಸೈಬರ್‌ಟಿಪ್‌ಲೈನ್ ಎಂಬ ದೂರು ಸ್ವೀಕಾರ ವ್ಯವಸ್ಥೆಯನ್ನು ನಡೆಸುತ್ತಿದೆ. ತಮ್ಮ ಸೇವೆಯಲ್ಲಿ ಮಕ್ಕಳ ಲೈಂಗಿಕ ಶೋಷಣೆಯ ಚಿತ್ರವಿರುವುದು ತಿಳಿದುಬಂದರೆ ಅಮೆರಿಕದ ಕಂಪನಿಗಳು ಅಲ್ಲಿಗೆ ವರದಿ ಮಾಡಲೇಬೇಕೆಂದು ಕಾನೂನು ವಿಧಿಸುತ್ತದೆ. ವರದಿ ಯಾವ ದೇಶಕ್ಕೆ ಸಂಬಂಧಿಸಿದ್ದೋ ಆ ದೇಶದ ತನಿಖಾ ಸಂಸ್ಥೆಗಳಿಗೆ ಅದನ್ನು ಒದಗಿಸಲಾಗುತ್ತದೆ. ಭಾರತಕ್ಕೆ ಸಂಬಂಧಿಸಿದ ವರದಿಗಳಿಗಾಗಿ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ 2019ರಲ್ಲಿ ಆ ಕೇಂದ್ರದೊಡನೆ ಒಪ್ಪಂದ ಮಾಡಿಕೊಂಡಿತು.

ಸೈಬರ್‌ಟಿಪ್‌ಲೈನ್‌ಗೆ 2023ರಲ್ಲಿ 3.6 ಕೋಟಿಗೂ ಹೆಚ್ಚು ವರದಿಗಳು ಬಂದವು. 2024ರಲ್ಲಿ ಅದು ಸುಮಾರು 2 ಕೋಟಿಗೆ ಇಳಿಯಿತು. ಇದನ್ನು ನೋಡಿ ಅಪರಾಧ ಅರ್ಧದಷ್ಟಾಯಿತೆಂದು ತಿಳಿಯಬಾರದು. ಒಂದೇ ಘಟನೆಗೆ ಸಂಬಂಧಿಸಿದ ಹಲವು ವರದಿಗಳನ್ನು ಒಟ್ಟುಗೂಡಿಸಿ ಕಳುಹಿಸುವ ಪದ್ಧತಿ ಬಂದದ್ದು ಈ ಇಳಿಕೆಗೆ ಒಂದು ಕಾರಣ. ಪತ್ರಿಕೆಗಳು ಕೋಟಿಗಳ ಲೆಕ್ಕವನ್ನು ದೊಡ್ಡ ಅಕ್ಷರದಲ್ಲಿ ಹಾಕುತ್ತವೆ, ಆದರೆ ಗುರುತು ಪತ್ತೆಯಾಗಿ ರಕ್ಷಣೆ ಪಡೆದ ಮಕ್ಕಳೆಷ್ಟು ಎಂಬುದೇ ನನ್ನ ದೃಷ್ಟಿಯಲ್ಲಿ ಕೇಳಬೇಕಾದ ಪ್ರಶ್ನೆ.

ಇಂತಹ ಚಿತ್ರಗಳ ಬಗ್ಗೆ ದೂರು ಸ್ವೀಕರಿಸುವ ಸಂಸ್ಥೆಯನ್ನು ಹಾಟ್‌ಲೈನ್ ಎನ್ನುತ್ತಾರೆ. ಅದರ ವಿಶ್ಲೇಷಕರು ದೂರಿನಲ್ಲಿರುವ ಚಿತ್ರ ಕಾನೂನುಬಾಹಿರವೇ ಎಂದು ನಿರ್ಧರಿಸುತ್ತಾರೆ ಮತ್ತು ಅದನ್ನಿಟ್ಟಿರುವ ಸರ್ವರ್ ಯಾವ ದೇಶದಲ್ಲಿದೆಯೆಂದು ಪತ್ತೆ ಮಾಡುತ್ತಾರೆ. 1999ರಲ್ಲಿ ಹುಟ್ಟಿದ ಇನ್‌ಹೋಪ್ ಎಂಬ ಒಕ್ಕೂಟದ ಮೂಲಕ ದೂರು ಆ ದೇಶದ ಹಾಟ್‌ಲೈನ್‌ಗೆ ಹೋಗುತ್ತದೆ. ಆ ಹಾಟ್‌ಲೈನ್ ಅಲ್ಲಿನ ಪೊಲೀಸರಿಗೂ ಸರ್ವರ್ ನಡೆಸುವವರಿಗೂ ಸುದ್ದಿ ಮುಟ್ಟಿಸುತ್ತದೆ. ಪೊಲೀಸರೊಡನೆ ಹೊಂದಾಣಿಕೆ ಅತ್ಯಗತ್ಯವಾಗುವುದು ಈ ಹಂತದಲ್ಲಿಯೇ. ಚಿತ್ರ ಒಂದು ಕ್ಷಣವೂ ಉಳಿಯಬಾರದೆಂಬುದು ಸಂಸ್ಥೆಯ ಆತುರವಾದರೆ, ಅಳಿಸುವ ಮುನ್ನ ಅದನ್ನು ಹಾಕಿದವರ ಸುಳಿವನ್ನು ಭದ್ರಪಡಿಸಿಕೊಳ್ಳಬೇಕೆಂಬುದು ತನಿಖೆಯ ಅಗತ್ಯ. ಇಬ್ಬರೂ ಮೊದಲೇ ಮಾತನಾಡಿಕೊಳ್ಳದಿದ್ದರೆ ಒಬ್ಬರ ಒಳ್ಳೆಯ ಕೆಲಸವೇ ಇನ್ನೊಬ್ಬರಿಗೆ ಅಡ್ಡಿಯಾಗುತ್ತದೆ.

ಒಮ್ಮೆ ದೃಢಪಟ್ಟ ಚಿತ್ರಕ್ಕೆ ಹ್ಯಾಶ್ ಎಂಬ ಸಂಖ್ಯಾರೂಪದ ಬೆರಳಚ್ಚನ್ನು ತಯಾರಿಸುತ್ತಾರೆ. ಮೈಕ್ರೋಸಾಫ್ಟ್ ಮತ್ತು ಡಾರ್ಟ್‌ಮೌತ್ ಕಾಲೇಜಿನ ಹ್ಯಾನಿ ಫರೀದ್ 2009ರಲ್ಲಿ ರೂಪಿಸಿದ ಫೋಟೊಡಿಎನ್‌ಎ ಈ ಬಗೆಯ ತಂತ್ರಜ್ಞಾನ. ಚಿತ್ರದ ಅಳತೆಯನ್ನೋ ಬಣ್ಣವನ್ನೋ ತುಸು ಬದಲಿಸಿದರೂ ಅದು ಗುರುತು ಹಿಡಿಯಬಲ್ಲದು. ಹ್ಯಾಶ್‌ಗಳ ಪಟ್ಟಿ ಕಂಪನಿಗಳ ಕೈಗೆ ಸಿಕ್ಕರೆ, ಅದೇ ಚಿತ್ರವನ್ನು ಯಾರೂ ಮತ್ತೊಮ್ಮೆ ಕಣ್ಣಿಂದ ನೋಡದೆಯೇ ತಡೆಯಬಹುದು. ಪೊಲೀಸರ ಕಡೆಯಲ್ಲಿ ಇಂಟರ್‌ಪೋಲ್‌ನ ಐಸಿಎಸ್‌ಇ ಎಂಬ, ಮಕ್ಕಳ ಲೈಂಗಿಕ ಶೋಷಣೆಯ ಚಿತ್ರಗಳ ದತ್ತಸಂಚಯವಿದೆ. ಒಂದು ದೇಶದಲ್ಲಿ ಈಗಾಗಲೇ ಗುರುತಿಸಿ ರಕ್ಷಿಸಿದ ಮಗುವಿಗಾಗಿ ಇನ್ನೊಂದು ದೇಶದವರು ಹುಡುಕಾಡುತ್ತಾ ಕಾಲ ಕಳೆಯುವುದನ್ನು ಅದು ತಪ್ಪಿಸುತ್ತದೆ.

ನಿಮ್ಮಂತಹ ಸಣ್ಣ ಸಂಸ್ಥೆ ಹಾಟ್‌ಲೈನ್ ಆಗಬೇಕಿಲ್ಲ. ಆದರೆ ಯಾವ ದೂರನ್ನು ಎಲ್ಲಿಗೆ ಕಳುಹಿಸಬೇಕೆಂಬುದು ನಿಮ್ಮ ಪ್ರತಿಯೊಬ್ಬ ಸ್ವಯಂಸೇವಕರಿಗೂ ತಿಳಿದಿರಬೇಕು.

ಉತ್ತರ 2: ನಿವೃತ್ತ ತನಿಖಾಧಿಕಾರಿ

ನಕಲಿ ಖಾತೆಯ ವಿಚಾರವನ್ನು ಮೊದಲು ಮುಗಿಸಿಬಿಡುತ್ತೇನೆ: ಅದನ್ನು ಮಾಡಕೂಡದು, ಮಾಡುವುದಿಲ್ಲವೆಂದು ಒಡಂಬಡಿಕೆಯಲ್ಲೇ ಬರೆದುಕೊಡಿ. ನೀವು ಬೀಸಿದ ಬಲೆಯ ವಾಸನೆ ಹತ್ತಿದ ಕೂಡಲೇ ಆ ವ್ಯಕ್ತಿ ತನ್ನ ಫೋನನ್ನೂ ಹಾರ್ಡ್‌ಡಿಸ್ಕನ್ನೂ ಖಾಲಿ ಮಾಡುತ್ತಾನೆ, ಅದರೊಡನೆ ನಿಮಗೆ ಗೊತ್ತೇ ಇಲ್ಲದ ಬೇರೆ ಮಕ್ಕಳ ವಿಷಯದ ಸಾಕ್ಷ್ಯವೂ ಅಳಿದುಹೋಗುತ್ತದೆ. ಅಪರಾಧ ಮಾಡುವಂತೆ ನೀವೇ ಪ್ರಚೋದಿಸಿದಿರೆಂಬ ವಾದ ನ್ಯಾಯಾಲಯದಲ್ಲಿ ಏಳುತ್ತದೆ. ಗುರುತು ತಪ್ಪಿ ನಿರಪರಾಧಿಯೊಬ್ಬನ ಹೆಸರು ಬೀದಿಗೆ ಬಂದರೆ ಅದನ್ನು ಸರಿಪಡಿಸುವ ದಾರಿಯೇ ಇಲ್ಲ. ಈ ಬಗೆಯ ಕಾರ್ಯಾಚರಣೆಗೆ ತರಬೇತಿ, ಅನುಮತಿ, ಹೊಣೆಗಾರಿಕೆ ಮೂರೂ ಬೇಕು. ಮೂರೂ ಇರುವುದು ಪೊಲೀಸರಲ್ಲಿ ಮಾತ್ರ.

ಇನ್ನು ಚಿತ್ರಗಳ ವಿಚಾರ. ಹೆಚ್ಚಿನ ದೇಶಗಳ ಕಾನೂನಿನಲ್ಲಿ ಇಂತಹ ಚಿತ್ರವನ್ನು ಇಟ್ಟುಕೊಳ್ಳುವುದು ಮತ್ತು ಬೇರೆಯವರಿಗೆ ಕಳುಹಿಸುವುದು ಅಪರಾಧ, ಒಳ್ಳೆಯ ಉದ್ದೇಶವಿತ್ತೆಂಬ ಒಂದೇ ಕಾರಣಕ್ಕೆ ರಿಯಾಯಿತಿ ದೊರೆಯುವುದಿಲ್ಲ. ಬ್ರಿಟನ್ನಿನಲ್ಲಿ ಹಾಟ್‌ಲೈನ್ ವಿಶ್ಲೇಷಕರು ಕೆಲಸ ಮಾಡುವುದಕ್ಕೂ 2003ರ ಲೈಂಗಿಕ ಅಪರಾಧಗಳ ಕಾಯ್ದೆಯ 46ನೇ ವಿಧಿಯ ವಿನಾಯಿತಿ ಮತ್ತು ಅದನ್ನು ಆಧರಿಸಿ ಪ್ರಾಸಿಕ್ಯೂಷನ್ ಇಲಾಖೆಯೂ ಪೊಲೀಸ್ ಮುಖ್ಯಸ್ಥರೂ ಮಾಡಿಕೊಂಡ ಲಿಖಿತ ಒಡಂಬಡಿಕೆ ಬೇಕಾಯಿತು. ಅಂತಹ ರಕ್ಷಣೆಯಿಲ್ಲದ ನೀವು ಮಗುವಿನ ಫೋನಿನಲ್ಲಿರುವ ಚಿತ್ರವನ್ನು ನಿಮ್ಮ ಫೋನಿಗೆ ತರಿಸಿಕೊಳ್ಳುವುದಾಗಲಿ, ಸಮಿತಿಯ ವಾಟ್ಸಾಪ್ ಗುಂಪಿಗೆ ಹಾಕುವುದಾಗಲಿ, ಪೊಲೀಸ್ ಅಧಿಕಾರಿಗೆ ಇಮೇಲ್ ಮಾಡುವುದಾಗಲಿ ಕೂಡದು. ಚಿತ್ರ ಎಲ್ಲಿದೆಯೆಂದು ಹೇಳಿದರೆ ಸಾಕು, ಅದನ್ನು ವಶಕ್ಕೆ ಪಡೆಯುವುದು ತನಿಖಾಧಿಕಾರಿಯ ಕೆಲಸ.

ಹಾಗಾದರೆ ನೀವು ಬರೆದುಕೊಳ್ಳಬೇಕಾದದ್ದು ಏನೆಂದರೆ, ಯಾವ ಆಪ್, ಎದುರಿನವನ ಯೂಸರ್‌ನೇಮ್ ಮತ್ತು ಪ್ರೊಫೈಲ್ ಲಿಂಕ್, ಸಂದೇಶಗಳು ಬಂದ ದಿನಾಂಕ ಮತ್ತು ಸಮಯ, ಹಣ ಕೇಳಿದ್ದರೆ ಯಾವ ಖಾತೆಗೆ ಅಥವಾ ಯಾವ ನಂಬರಿಗೆ ಎಂಬುದು. ತೋರಿಕೆಯ ಹೆಸರಿಗಿಂತ ಪ್ರೊಫೈಲ್ ಲಿಂಕ್ ಮುಖ್ಯ, ಏಕೆಂದರೆ ಹೆಸರನ್ನು ಯಾವಾಗ ಬೇಕಾದರೂ ಬದಲಿಸಬಹುದು. ಬೆದರಿಕೆಯ ಬರಹದ ಸ್ಕ್ರೀನ್‌ಶಾಟ್ ಇರಲಿ, ಆದರೆ ಅದರಲ್ಲಿ ಮಗುವಿನ ಚಿತ್ರ ಸೇರಬಾರದು. ಗಾಬರಿಯಲ್ಲಿ ಹೆತ್ತವರು ಸಾಮಾನ್ಯವಾಗಿ ಎಲ್ಲವನ್ನೂ ಡಿಲೀಟ್ ಮಾಡಿ ಫೋನನ್ನು ರೀಸೆಟ್ ಮಾಡಿಬಿಡುತ್ತಾರೆ. ಅದನ್ನು ತಡೆಯುವುದು ನಿಮ್ಮಿಂದಾಗುವ ಬಹು ದೊಡ್ಡ ಉಪಕಾರ.

ತಡಮಾಡುವುದೂ ಅಪಾಯವೇ. ಯಾವ ಐಪಿ ವಿಳಾಸ ಯಾವ ಗ್ರಾಹಕನದೆಂಬ ದಾಖಲೆಯನ್ನು ಸಂಪರ್ಕ ಒದಗಿಸುವ ಕಂಪನಿಗಳು ಸೀಮಿತ ಅವಧಿಯವರೆಗೆ ಮಾತ್ರ ಇಟ್ಟುಕೊಳ್ಳುತ್ತವೆ. ಸೈಬರ್‌ಟಿಪ್‌ಲೈನ್‌ಗೆ ಕಳುಹಿಸಿದ ವರದಿಯ ವಿವರಗಳನ್ನು ಅಮೆರಿಕದ ಕಂಪನಿಗಳು ಮೊದಲು 90 ದಿನ ಕಾಪಾಡಿದರೆ ಸಾಕಿತ್ತು. ತನಿಖೆಗೆ ಅದು ಸಾಲದೆಂಬ ಕಾರಣಕ್ಕೆ 2024ರ ಕಾನೂನು ಅದನ್ನು ಒಂದು ವರ್ಷಕ್ಕೆ ಏರಿಸಿತು. ಮುಂದಿನ ತಿಂಗಳ ಸಮಿತಿ ಸಭೆಯಲ್ಲಿ ಚರ್ಚಿಸಿ ತೀರ್ಮಾನಿಸೋಣವೆಂದು ದೂರನ್ನು ಇಟ್ಟುಕೊಳ್ಳುವಂತಿಲ್ಲ.

ಉತ್ತರ 3: ವಕೀಲ

ಮೇಲಿನ ಮಹನೀಯರ ಮಾತಿಗೆ ಒಂದು ಸೇರ್ಪಡೆ. ಸಂಸ್ಥೆ ಪೊಲೀಸರಿಗೆ ತೀರಾ ಹತ್ತಿರವಾದರೂ ಕಾನೂನಿನ ತೊಡಕು ಬರಬಹುದು. ಅಮೆರಿಕದ ಆ್ಯಕರ್‌ಮನ್ ಪ್ರಕರಣದಲ್ಲಿ ಎಒಎಲ್ ಕಂಪನಿಯ ಹ್ಯಾಶ್ ಪರೀಕ್ಷೆ ಇಮೇಲ್‌ನಲ್ಲಿದ್ದ ನಾಲ್ಕು ಚಿತ್ರಗಳ ಪೈಕಿ ಒಂದನ್ನು ಗುರುತಿಸಿತ್ತು. ಎನ್‌ಸಿಎಂಇಸಿಯ ವಿಶ್ಲೇಷಕರು ಇಮೇಲನ್ನೂ ನಾಲ್ಕು ಚಿತ್ರಗಳನ್ನೂ ತೆರೆದು ನೋಡಿದರು. ಕಾನೂನು ಆ ಕೇಂದ್ರಕ್ಕೆ ಕೊಟ್ಟಿರುವ ವಿಶೇಷ ಅಧಿಕಾರಗಳನ್ನು ಗಮನಿಸಿದರೆ ಅದು ಸರ್ಕಾರಿ ಸಂಸ್ಥೆಯೇ ಅಥವಾ ಸರ್ಕಾರದ ಪ್ರತಿನಿಧಿಯೇ ಆಗುತ್ತದೆಂದೂ, ಆದ್ದರಿಂದ ಅದು ಇಮೇಲ್ ತೆರೆದದ್ದು ಸಂವಿಧಾನದ ಮಿತಿಗೊಳಪಟ್ಟ, ಅಂದರೆ ಸಾಮಾನ್ಯವಾಗಿ ವಾರಂಟ್ ಬೇಕಾಗುವ ಶೋಧವೆಂದೂ 2016ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ಮುಂದೆ ಸುಪ್ರೀಂ ಕೋರ್ಟಿಗೆ ಹೋದ ನ್ಯಾಯಮೂರ್ತಿ ಗೊರ್ಸಚ್ ಅವರೇ ಆ ತೀರ್ಪನ್ನು ಬರೆದವರು.

ಪ್ರತಿ ದೇಶದ ಕಾನೂನು ಬೇರೆ, ಈ ತೀರ್ಪು ಎಲ್ಲೆಡೆಯೂ ಅನ್ವಯಿಸುವುದಿಲ್ಲ. ಆದರೂ ಸಂಸ್ಥೆ ತನಗೆ ತಾನಾಗಿ ತಿಳಿದುಬಂದದ್ದನ್ನು ತಿಳಿಸುವುದು ಬೇರೆ, ಪೊಲೀಸರ ಸೂಚನೆಯಂತೆ ಮಕ್ಕಳ ಫೋನುಗಳನ್ನು ಜಾಲಾಡುವುದು ಬೇರೆ. ಒಡಂಬಡಿಕೆಯ ಕರಡಿನಲ್ಲಿ "ಸಂಸ್ಥೆಯು ತನಿಖೆಗೆ ಎಲ್ಲ ವಿಧದ ನೆರವು ನೀಡತಕ್ಕದ್ದು" ಎಂಬಂತಹ ವಾಕ್ಯವಿದ್ದರೆ ತೆಗೆಸಿಹಾಕಿ.

ಉತ್ತರ 4: ಆಪ್ತಸಮಾಲೋಚಕಿ

ಪೊಲೀಸರ ಹೆಸರು ಕೇಳಿದರೆ ಮಕ್ಕಳು ಮಾತನಾಡುವುದಿಲ್ಲವೆಂಬ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ನನ್ನ ಅನುಭವದಲ್ಲಿ ಮಗುವಿಗೆ ಪೊಲೀಸರಿಗಿಂತ ಹೆಚ್ಚಿನ ಭಯವಿರುವುದು ಮನೆಯವರು ಬೈಯುತ್ತಾರೆ, ಫೋನು ಕಿತ್ತುಕೊಳ್ಳುತ್ತಾರೆ, ಫೋಟೊ ಎಲ್ಲರ ಕೈಗೂ ಹೋಗುತ್ತದೆ ಎಂಬುದರ ಬಗ್ಗೆ. ಬೆದರಿಸುವವನು ಆಡುವುದೂ ಅದೇ ಭಯದ ಮೇಲೆ. ಆದ್ದರಿಂದ ಮೊದಲ ಮಾತು ತಪ್ಪು ನಿನ್ನದಲ್ಲ ಎಂಬುದಾಗಿರಬೇಕು. ಹಣ ಕೊಡಬಾರದು, ಕೊಟ್ಟರೆ ಬೇಡಿಕೆ ನಿಲ್ಲುವ ಬದಲು ಬೆಳೆಯುತ್ತದೆ. ಉತ್ತರಿಸುವುದನ್ನು ನಿಲ್ಲಿಸಿ, ವಿವರಗಳನ್ನು ಉಳಿಸಿಕೊಂಡು, ಆಮೇಲೆ ಬ್ಲಾಕ್ ಮಾಡಬೇಕು ಎಂಬುದು ಎರಡನೆಯ ಮಾತು.

ಫೋಟೊ ಹರಡುವ ಭಯಕ್ಕೆ ಈಗ ಭಾಗಶಃ ಪರಿಹಾರವೂ ಇದೆ. ಎನ್‌ಸಿಎಂಇಸಿ ನಡೆಸುವ ಟೇಕ್ ಇಟ್ ಡೌನ್ ಎಂಬ ಉಚಿತ ಸೇವೆಯಲ್ಲಿ, 18 ವರ್ಷ ತುಂಬುವ ಮುನ್ನ ತೆಗೆದ ತನ್ನ ಚಿತ್ರದ ಹ್ಯಾಶ್ ಅನ್ನು ಮಗು ತನ್ನ ಫೋನಿನಲ್ಲಿಯೇ ತಯಾರಿಸಬಹುದು. ಚಿತ್ರ ಫೋನಿನಿಂದ ಹೊರಗೆ ಹೋಗುವುದಿಲ್ಲ, ಹ್ಯಾಶ್ ಮಾತ್ರ ಹೋಗುತ್ತದೆ, ಹೆಸರು ಹೇಳಬೇಕಿಲ್ಲ. ಆ ವ್ಯವಸ್ಥೆಗೆ ಸೇರಿದ ಕಂಪನಿಗಳ ಸಾರ್ವಜನಿಕ ಜಾಲಗಳಲ್ಲಿ ಮಾತ್ರ ಇದು ಕೆಲಸ ಮಾಡುತ್ತದೆಂಬ ಮಿತಿಯನ್ನೂ ಮಗುವಿಗೆ ಹೇಳಬೇಕು. ಬ್ರಿಟನ್ನಿನ ಮಕ್ಕಳಿಗಾಗಿ ಅಲ್ಲಿನ ಚೈಲ್ಡ್‌ಲೈನ್ ಮತ್ತು ಇಂಟರ್ನೆಟ್ ವಾಚ್ ಫೌಂಡೇಶನ್ ಸೇರಿ ರಿಪೋರ್ಟ್ ರಿಮೂವ್ ಎಂಬ ಸೇವೆಯನ್ನು ನಡೆಸುತ್ತಿವೆ.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು. ಮಗು ಒಂದೇ ಕಥೆಯನ್ನು ಶಿಕ್ಷಕರಿಗೆ, ನಿಮಗೆ, ಠಾಣೆಯಲ್ಲಿ, ವೈದ್ಯರೆದುರು, ಕೊನೆಗೆ ನ್ಯಾಯಾಲಯದಲ್ಲಿ ಮತ್ತೆ ಮತ್ತೆ ಹೇಳಬೇಕಾಗಿ ಬರುವುದೇ ಒಂದು ಹಿಂಸೆ. ಐಸ್‌ಲ್ಯಾಂಡ್ 1998ರಲ್ಲಿ ಆರಂಭಿಸಿದ ಬಾರ್ನಾಹುಸ್ ಎಂಬ ವ್ಯವಸ್ಥೆಯಲ್ಲಿ ಮನೆಯಂತಹ ಒಂದೇ ಕಟ್ಟಡದಲ್ಲಿ ತರಬೇತಿ ಪಡೆದ ಒಬ್ಬರು ಮಗುವಿನೊಡನೆ ಮಾತನಾಡುತ್ತಾರೆ; ಪೊಲೀಸರು, ವಕೀಲರು, ಮಕ್ಕಳ ರಕ್ಷಣಾ ಅಧಿಕಾರಿಗಳು ಬೇರೆ ಕೋಣೆಯಿಂದ ಅದನ್ನು ನೋಡುತ್ತಾರೆ ಮತ್ತು ಹೇಳಿಕೆ ವಿಡಿಯೊದಲ್ಲಿ ದಾಖಲಾಗುತ್ತದೆ. ಯುರೋಪಿನ ಹಲವು ದೇಶಗಳು ಇದನ್ನು ಅನುಸರಿಸಿವೆ. ಅಂತಹ ಕಟ್ಟಡ ನಿಮ್ಮಲ್ಲಿ ಇಲ್ಲದಿರಬಹುದು, ಆದರೆ ಸ್ವಯಂಸೇವಕರು ಮಗುವನ್ನು ವಿವರವಾಗಿ ವಿಚಾರಣೆ ಮಾಡುವುದಿಲ್ಲ, ಅದು ತಾನಾಗಿ ಹೇಳಿದ್ದನ್ನು ಅದರ ಮಾತಿನಲ್ಲೇ ಬರೆದುಕೊಂಡು ನಿಲ್ಲಿಸುತ್ತಾರೆ ಎಂಬ ನಿಯಮವನ್ನು ಇಂದೇ ಮಾಡಬಹುದು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ನಕಲಿ ಖಾತೆಯ ಚರ್ಚೆ ಇಲ್ಲಿಗೆ ಮುಗಿಯಿತೆಂದೇ ಭಾವಿಸುತ್ತೇನೆ. ಒಂದು ಸಂದೇಹ ಉಳಿದಿದೆ. "ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟರೆ ಮಾತ್ರ ಹೇಳುತ್ತೇನೆ" ಎಂದು ಮಗು ಹಟ ಹಿಡಿದರೆ ಏನು ಮಾಡಬೇಕು?

ಆಪ್ತಸಮಾಲೋಚಕಿ

ಆ ಮಾತನ್ನು ಕೊಡಬಾರದು. ಕೊಟ್ಟು ಮುರಿದರೆ ಮಗು ಇನ್ನೊಬ್ಬ ದೊಡ್ಡವರನ್ನು ನಂಬುವುದಿಲ್ಲ, ಕೊಟ್ಟು ಉಳಿಸಿಕೊಂಡರೆ ಅಪಾಯ ಮುಂದುವರಿಯುತ್ತದೆ. ನಿನ್ನನ್ನು ಕಾಪಾಡಬಲ್ಲವರಿಗೆ ಮಾತ್ರ ಹೇಳುತ್ತೇನೆ, ಹೇಳುವ ಮೊದಲು ಯಾರಿಗೆ, ಏನು ಹೇಳುತ್ತೇನೆಂದು ನಿನಗೆ ತಿಳಿಸುತ್ತೇನೆ ಎನ್ನಿ. ಮಗು ಅಂದು ಎದ್ದುಹೋದರೂ ಸರಿ. ನಿಮ್ಮ ಹೆಸರೂ ಸಹಾಯವಾಣಿಯ ನಂಬರೂ ಅದರ ಬಳಿ ಇರಲಿ.

ನಿವೃತ್ತ ತನಿಖಾಧಿಕಾರಿ

ಇದಕ್ಕೆ ಪೊಲೀಸರ ಕಡೆಯಿಂದ ಒಡಂಬಡಿಕೆಯಲ್ಲಿ ಮೂರು ಭರವಸೆಗಳನ್ನು ಕೇಳಿ ಪಡೆಯಿರಿ. ಸಂಸ್ಥೆಯಿಂದ ಬರುವ ದೂರುಗಳಿಗೆ ಹೆಸರು ಗೊತ್ತುಪಡಿಸಿದ ಒಬ್ಬ ಅಧಿಕಾರಿ ಇರಬೇಕು ಮತ್ತು ಅವರಿಗೆ ವರ್ಗಾವಣೆಯಾದರೆ ಮುಂದಿನವರು ಯಾರೆಂದು ನಿಮಗೆ ತಿಳಿಸಬೇಕು. ಮಗುವನ್ನು ಭೇಟಿಯಾಗುವವರು ಸಮವಸ್ತ್ರವಿಲ್ಲದೆ ಬರಬೇಕು. ದೂರಿನ ಗತಿ ಏನಾಯಿತೆಂದು, ತನಿಖೆಗೆ ಧಕ್ಕೆಯಾಗದ ಮಟ್ಟಿಗಾದರೂ, ಸಂಸ್ಥೆಗೆ ತಿಳಿಸಬೇಕು. ಸಾಮಾನ್ಯವಾಗಿ ಮೊದಲೆರಡಕ್ಕೆ ಇಲಾಖೆಯವರು ಸುಲಭವಾಗಿ ಒಪ್ಪುತ್ತಾರೆ. ಮೂರನೆಯದಕ್ಕೆ ನೀವು ಪಟ್ಟು ಹಿಡಿಯಬೇಕಾದೀತು.