ಅಪ್‌ಡೇಟ್: ಅಪ್ಪನ ಮಾರ್ಫಿನ್ ಮಾತ್ರೆ, ನೋವು, ಮಲಬದ್ಧತೆ

ತೀವ್ರ ನೋವಿಗೆ ಕೊಡುವ ಮಾರ್ಫಿನ್ ಕೊಟ್ಟರೂ ಅಪ್ಪನಿಗೆ ನೋವು ಮರುಕಳಿಸುತ್ತಿದೆ, ಹೊಟ್ಟೆಯೂ ಕಟ್ಟಿದೆ, ಏನು ಮಾಡಲಿ ಎಂದು ಹಿಂದೆ ಇಲ್ಲಿ ಕೇಳಿದ್ದೆ. ಮನೆಗೆ ಬಂದ ಪ್ಯಾಲಿಯೇಟಿವ್ (ಗಂಭೀರ ಕಾಯಿಲೆಯಲ್ಲಿ ನೋವು, ಸಂಕಟ ತಗ್ಗಿಸುವ ಆರೈಕೆಯ) ನರ್ಸ್ ಮೊದಲು ಸರಿಪಡಿಸಿದ್ದು ಮಾತ್ರೆ ಕೊಡುವ ಹೊತ್ತನ್ನು. ಸಾದಾ (ನಿಧಾನವಾಗಿ ಬಿಡುಗಡೆಯಾಗುವಂಥದ್ದಲ್ಲದ) ಮಾರ್ಫಿನ್ ಮಾತ್ರೆಯ ಪರಿಣಾಮ ಸುಮಾರು 4 ಗಂಟೆಯಷ್ಟೇ. ನೋವು ಬರಲಿ ಎಂದು ಕಾಯಲೇಬಾರದು. ಈಗ ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6; ರಾತ್ರಿ 10ಕ್ಕೆ ವೈದ್ಯರು ಬರೆದಂತೆ ಎರಡು ಪಟ್ಟು, ಹಾಗಾಗಿ ನಡುರಾತ್ರಿ ಎಬ್ಬಿಸಬೇಕಿಲ್ಲ. ನಡುವೆ ನೋವೆದ್ದರೆ ವೈದ್ಯರು ಹೇಳಿದ ಹೆಚ್ಚುವರಿ ಡೋಸ್ ಕೊಟ್ಟು, ಹೊತ್ತು ಬರೆದಿಡಬೇಕು. ಮುಂದಿನ ಪ್ರಮಾಣ ನಿರ್ಧಾರವಾಗುವುದು ಆ ಲೆಕ್ಕದಿಂದ.

ವಾಕರಿಕೆ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಗ್ಗುತ್ತದೆ, ಮಲಬದ್ಧತೆ ತಗ್ಗುವುದಿಲ್ಲ. ಮಾರ್ಫಿನ್ ಕರುಳಿನ ಚಲನೆಯನ್ನೇ ನಿಧಾನಿಸುತ್ತದೆ. ಅದಕ್ಕೇ ಮೊದಲ ದಿನದಿಂದಲೇ ರಾತ್ರಿ ಕರುಳನ್ನು ಚುರುಕುಗೊಳಿಸುವ ಬಿಸಾಕೊಡಿಲ್‌ನಂಥ ಮಾತ್ರೆ ಬೇಕು. ಇಸಬ್‌ಗೋಲ್ ಬೇಡ: ನೀರು ಕಡಿಮೆ ಕುಡಿಯುವವರಲ್ಲಿ ಅದು ಕರುಳಲ್ಲೇ ಗಟ್ಟಿಯಾಗಿ ಕೂರಬಹುದು. ಬೆಂಗಳೂರಿನವರಿಗೆ: ಕರುಣಾಶ್ರಯ ಎಂಬ ಪ್ಯಾಲಿಯೇಟಿವ್ ಆರೈಕೆ ಸಂಸ್ಥೆಯ ಮನೆ ಆರೈಕೆ ಉಚಿತ.